ಇಆರ್‌ಟಿ ಚಿತ್ರ ಯಾಕೆ ಮಸುಕು, ನಿಖರತೆ ಎಲ್ಲಿಂದ ಬರುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯುತ್ ಪ್ರತಿರೋಧ ಟೊಮೊಗ್ರಫಿ (ಇಆರ್‌ಟಿ) ಕೈಗೆತ್ತಿಕೊಂಡವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಲಿ. ಚಿತ್ರ ಆಗಲೇ ಕೈಕೊಟ್ಟು ಕೂತಿದ್ದರೆ ನೇರವಾಗಿ ಮೂರನೆಯ ಭಾಗಕ್ಕೆ ಹೋಗಬಹುದು; ಹೆಚ್ಚಿನ ಕಾಯಿಲೆಗಳಿಗೆ ಮದ್ದು ಇರುವುದು ಅಲ್ಲಿ.

## ಮೊದಲ ಪಾಠ

ಇಆರ್‌ಟಿ ಅಂದ್ರೆ ಏನು? ಎಕ್ಸ್‌ರೇ ಸ್ಕ್ಯಾನ್ ಥರಾನೇ ಅಲ್ವಾ?

ಪೈಪ್ ಅಥವಾ ತೊಟ್ಟಿಯ ಒಳಗೋಡೆಯ ಸುತ್ತ ಎಲೆಕ್ಟ್ರೋಡ್‌ಗಳನ್ನು ಸಾಮಾನ್ಯವಾಗಿ 16ರಂತೆ ಕೂರಿಸುತ್ತೇವೆ. ಒಂದು ಜೋಡಿಯಿಂದ ಸಣ್ಣ ಕರೆಂಟ್ ಹಾಯಿಸಿ, ಉಳಿದ ಜೋಡಿಗಳ ನಡುವೆ ಹುಟ್ಟುವ ವೋಲ್ಟೇಜ್ ಅಳೆಯುತ್ತೇವೆ. ಆಮೇಲೆ ಮುಂದಿನ ಜೋಡಿಯ ಸರದಿ. ಹೀಗೆ ಒಂದು ಸುತ್ತು ಮುಗಿದಾಗ ಸಿಕ್ಕ ಅಂಕಿಗಳಿಂದ, ಒಳಗೆ ಎಲ್ಲಿ ವಾಹಕತೆ ಹೆಚ್ಚು, ಎಲ್ಲಿ ಕಡಿಮೆ ಎಂಬ ನಕ್ಷೆಯನ್ನು ಲೆಕ್ಕದಿಂದ ಕಟ್ಟುತ್ತೇವೆ. ನೀರಿನಲ್ಲಿ ಗುಳ್ಳೆ, ಕೆಸರಿನಲ್ಲಿ ಮರಳು, ಕಲಕುವ ತೊಟ್ಟಿಯಲ್ಲಿ ಉಪ್ಪುನೀರು ಬೆರೆಯುವ ಬಗೆ, ಇವನ್ನೆಲ್ಲ ನೋಡಲು ಇದು ಬಳಕೆಯಲ್ಲಿದೆ.

ಎಕ್ಸ್‌ರೇ ಕಿರಣ ನೇರ ಗೆರೆಯಲ್ಲಿ ಹೋಗುತ್ತದೆ. ಕರೆಂಟ್ ಹಾಗಲ್ಲ. ಸಿಕ್ಕ ಜಾಗದಲ್ಲೆಲ್ಲ ಹರಡಿ, ವಾಹಕತೆ ಹೆಚ್ಚಿದ್ದ ಕಡೆಗೆ ವಾಲಿ, ತನ್ನ ದಾರಿಯನ್ನು ತಾನೇ ಬದಲಿಸಿಕೊಳ್ಳುತ್ತದೆ. ನಾವು ಹುಡುಕುತ್ತಿರುವ ವಸ್ತುವೇ ಅಳೆಯುವ ಕರೆಂಟಿನ ದಾರಿಯನ್ನೂ ತಿರುಗಿಸುತ್ತದೆ. ಈ ತಂತ್ರದ ಅರ್ಧ ತೊಂದರೆ ಅಲ್ಲಿಂದಲೇ ಶುರು.

ಚೂಪಾದ ಅಂಚಿನ ಕೋಲು ಇಟ್ಟರೂ ಚಿತ್ರದಲ್ಲಿ ಮಸುಕು ಗುಡ್ಡೆ ಕಾಣುತ್ತೆ. ಸೆನ್ಸರ್ ಕೆಟ್ಟಿದೆಯಾ?

ಬಹುಶಃ ಇಲ್ಲ. ಮಸುಕು ಈ ತಂತ್ರದ ಹುಟ್ಟುಗುಣ. ಒಂದು ಸರಳ ಲೆಕ್ಕ ನೋಡಿ. ದುಂಡು ಪೈಪಿನ ನಟ್ಟನಡುವೆ, ಪೈಪಿನ ಅರ್ಧ ವ್ಯಾಸದ, ಕರೆಂಟ್ ಹಾಯದ ಸಿಲಿಂಡರ್ ಇದೆ ಎಂದುಕೊಳ್ಳಿ. ಗೋಡೆಯ ಸುತ್ತಲಿನ ವೋಲ್ಟೇಜನ್ನು ಒಂದು ಏರಿಳಿತದ ಅಲೆ, ಎರಡು ಏರಿಳಿತದ ಅಲೆ, ಮೂರರದ್ದು ಎಂದು ಬಿಡಿಸಿದರೆ, ಆ ಸಿಲಿಂಡರ್ ಮೊದಲ ಅಲೆಯನ್ನು ಶೇ. 67ರಷ್ಟು ಹೆಚ್ಚಿಸುತ್ತದೆ. ಎರಡನೆಯದನ್ನು ಶೇ. 13, ಮೂರನೆಯದನ್ನು ಶೇ. 3, ನಾಲ್ಕನೆಯದನ್ನು ಶೇ. 0.8, ಐದನೆಯದನ್ನು ಶೇ. 0.2, ಆರನೆಯದನ್ನು ಶೇ. 0.05 ಮಾತ್ರ. ಅಂಚಿನ ಚೂಪು, ಮೂಲೆಯ ಆಕಾರ ಮುಂತಾದ ನವಿರು ವಿವರಗಳೆಲ್ಲ ಅಡಗಿರುವುದು ಆ ಹೆಚ್ಚು ಏರಿಳಿತದ ಅಲೆಗಳಲ್ಲೇ.

ನಿಮ್ಮ ಅಳತೆಯ ನಾಯ್ಸ್, ಅಂದರೆ ಅಳತೆಗೆ ಬೆರೆಯುವ ಬೇಡದ ಏರಿಳಿತ, ಶೇ. 0.1 ಇದ್ದರೆ ಐದನೆಯ ಅಲೆಯಾಚೆ ಏನೂ ಕಾಣದು. ಸರ್ಕ್ಯೂಟನ್ನು ಹತ್ತು ಪಟ್ಟು ಸುಧಾರಿಸಿ ಶೇ. 0.01ಕ್ಕೆ ತಂದರೂ ಕೈಗೆ ಸಿಗುವುದು ಇನ್ನೆರಡೇ ಅಲೆ. ಹೊಸದಾಗಿ ಬಂದವರಿಗೆ ನಾನು ಮೊದಲು ಈ ಲೆಕ್ಕವನ್ನೇ ಮಾಡಿಸುತ್ತೇನೆ. ಆಮೇಲೆ ಅವರ ನಿರೀಕ್ಷೆ ನೆಲಕ್ಕೆ ಇಳಿಯುತ್ತದೆ.

ಹಾಗಾದರೆ ಎಷ್ಟು ಚಿಕ್ಕದನ್ನು ನೋಡಬಹುದು?

ಗೋಡೆಯ ಹತ್ತಿರ ವ್ಯಾಸದ ಶೇ. 5ರಿಂದ 10ರಷ್ಟು ಗಾತ್ರದ ವಸ್ತು ಎಂಬುದು ಬಳಕೆಯ ಅಂದಾಜು. ನಡುವಿಗೆ ಹೋದಂತೆ ಇದು ಕೆಡುತ್ತದೆ. ಆದರೆ ಬಿಡಿ ಗುಳ್ಳೆ ಕಾಣದಿದ್ದರೂ ಗುಳ್ಳೆಗಳ ಗುಂಪು ಎಲ್ಲಿ ದಟ್ಟ, ಎಲ್ಲಿ ವಿರಳ ಎಂಬುದು ಕಾಣುತ್ತದೆ. ಎಷ್ಟೋ ಕೆಲಸಗಳಿಗೆ ಅಷ್ಟೇ ಸಾಕು.

ಇಆರ್‌ಟಿ, ಇಐಟಿ, ಇಸಿಟಿ ಅಂತೆಲ್ಲ ಹೇಳ್ತಾರೆ. ನನಗೆ ಯಾವುದು?

ಒಳಗಿನ ಮುಖ್ಯ ದ್ರವ ವಿದ್ಯುತ್ ಹಾಯಿಸುತ್ತದೆಯೇ ಎಂದು ಕೇಳಿಕೊಳ್ಳಿ. ಹಾಯಿಸಿದರೆ ಇಆರ್‌ಟಿ. ಎಣ್ಣೆ, ಒಣ ಪುಡಿ, ಪ್ಲಾಸ್ಟಿಕ್ ಹರಳಿನಂಥ ಅವಾಹಕವಾದರೆ ವಿದ್ಯುತ್ ಧಾರಣಶಕ್ತಿ (ಕೆಪ್ಯಾಸಿಟೆನ್ಸ್) ಅಳೆಯುವ ಇಸಿಟಿ. ಪ್ರತಿರೋಧದ ಜೊತೆಗೆ ಫೇಸ್ (ಕರೆಂಟಿನ ಅಲೆಗೂ ವೋಲ್ಟೇಜಿನ ಅಲೆಗೂ ನಡುವಿನ ಹಿಂದುಮುಂದು) ಕೂಡ ನೋಡುವುದು ಇಐಟಿ. ವೈದ್ಯಕೀಯದಲ್ಲಿ ಈ ಹೆಸರೇ ರೂಢಿ. ಭೂಗರ್ಭ ಶೋಧಕರೂ ನೆಲಕ್ಕೆ ಗೂಟ ಹೊಡೆದು ಮಾಡುವ ಕೆಲಸವನ್ನು ಇಆರ್‌ಟಿ ಎನ್ನುತ್ತಾರೆ. ಗಣಿತ ಒಂದೇ, ಗಾತ್ರ ಬೇರೆ. ಇಲ್ಲಿನ ಮಾತೆಲ್ಲ ಪೈಪ್ ಮತ್ತು ತೊಟ್ಟಿಗಳದ್ದು.

## ಎಲೆಕ್ಟ್ರೋಡ್ ಮತ್ತು ಸೆನ್ಸರ್

16ರ ಬದಲು 32 ಎಲೆಕ್ಟ್ರೋಡ್ ಹಾಕಿದರೆ ಚಿತ್ರ ಎರಡು ಪಟ್ಟು ಚೆನ್ನಾಗಿ ಬರಬೇಕಲ್ಲ?

ಕಾಗದದ ಮೇಲೆ ಇನ್ನೂ ಹೆಚ್ಚೇ ಬರಬೇಕು. ಅಕ್ಕಪಕ್ಕದ ಎರಡು ಎಲೆಕ್ಟ್ರೋಡ್‌ಗಳನ್ನೇ ಜೋಡಿಯಾಗಿ ಹಿಡಿಯುವ ಪಕ್ಕದ ಜೋಡಿ ವಿಧಾನದಲ್ಲಿ ಸ್ವತಂತ್ರ ಅಳತೆಗಳನ್ನು ಎಣಿಸಲು, ಎಲೆಕ್ಟ್ರೋಡ್ ಸಂಖ್ಯೆಯನ್ನು ಅದಕ್ಕಿಂತ ಮೂರು ಕಡಿಮೆಯ ಸಂಖ್ಯೆಯಿಂದ ಗುಣಿಸಿ ಅರ್ಧ ಮಾಡಬೇಕು. 8ಕ್ಕೆ 20, 16ಕ್ಕೆ 104, 32ಕ್ಕೆ 464.

ಆದರೆ ಎಲೆಕ್ಟ್ರೋಡ್‌ಗಳು ಹತ್ತಿರವಾದಷ್ಟೂ ಅವುಗಳ ನಡುವಿನ ವೋಲ್ಟೇಜ್ ಕುಗ್ಗುತ್ತದೆ. ವಾಹಕತೆ ಮೀಟರಿಗೆ 0.05 ಸೀಮೆನ್ಸ್ ಇರುವ ನೀರಿನ 10 ಸೆಂ.ಮೀ. ಎತ್ತರದ ಪದರಕ್ಕೆ 10 ಮಿಲಿಆಂಪಿಯರ್ ಹಾಯಿಸಿದಿರಿ ಎನ್ನಿ. ಎಲೆಕ್ಟ್ರೋಡ್‌ಗಳನ್ನು ಚುಕ್ಕಿಗಳೆಂದು ಹಿಡಿದು ಲೆಕ್ಕ ಹಾಕಿದರೆ, 16ರ ಸೆನ್ಸರ್‌ನಲ್ಲಿ ಕರೆಂಟ್ ಜೋಡಿಯ ಪಕ್ಕದಲ್ಲಿ ಸುಮಾರು 190 ಮಿಲಿವೋಲ್ಟ್, ಎದುರು ದಡದಲ್ಲಿ 25 ಮಿಲಿವೋಲ್ಟ್ ಸಿಗುತ್ತದೆ. 32ಕ್ಕೆ ಹೋದರೆ ಎದುರಿನದು 6 ಮಿಲಿವೋಲ್ಟ್‌ಗೆ ಇಳಿಯುತ್ತದೆ. ದೊಡ್ಡ ಮತ್ತು ಚಿಕ್ಕ ಅಳತೆಗಳ ನಡುವಿನ ಅಂತರ 8 ಪಟ್ಟು ಇದ್ದದ್ದು 30 ಪಟ್ಟಾಗುತ್ತದೆ. ನಾಯ್ಸ್ ಅಷ್ಟೇ ಇದ್ದರೆ, ಹೆಚ್ಚಿಗೆ ಬಂದ ಅಳತೆಗಳಲ್ಲಿ ಬಹುಪಾಲು ನಾಯ್ಸ್‌ನೊಳಗೇ ಮುಳುಗಿರುತ್ತವೆ. ಗೋಡೆಯ ಹತ್ತಿರದ ವಿವರ ಮುಖ್ಯವಾಗಿದ್ದು, ಸರ್ಕ್ಯೂಟ್ ಚೊಕ್ಕಟವಾಗಿದ್ದರೆ 32 ಹಾಕಿ. ಇಲ್ಲವಾದರೆ ಆ ಹಣ ಮತ್ತು ಶ್ರಮವನ್ನು 16ರ ಅಳತೆ ಚೊಕ್ಕಟ ಮಾಡಲು ಹಾಕುವುದು ಲಾಭ.

ಎಲೆಕ್ಟ್ರೋಡ್ ಅಗಲ, ಎತ್ತರ ಎಷ್ಟಿರಬೇಕು? ಯಾವ ಲೋಹ?

ಇಲ್ಲಿ ಎರಡು ಬೇಡಿಕೆಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ಕರೆಂಟ್ ಹಾಯಿಸಲು ದೊಡ್ಡ ಎಲೆಕ್ಟ್ರೋಡ್ ಒಳ್ಳೆಯದು: ಸಂಪರ್ಕ ಪ್ರತಿರೋಧ ಕಡಿಮೆ, ಕರೆಂಟ್ ಹರಡಿಕೆ ಸಮ. ವೋಲ್ಟೇಜ್ ಅಳೆಯಲು ಚಿಕ್ಕದು ಒಳ್ಳೆಯದು, ಏಕೆಂದರೆ ಅಗಲ ಲೋಹ ತನ್ನ ಮೈಯುದ್ದಕ್ಕೂ ಒಂದೇ ವೋಲ್ಟೇಜ್ ಹೇರಿ ವಿವರವನ್ನು ಒರೆಸಿಹಾಕುತ್ತದೆ. ಅದಕ್ಕೇ ಕೆಲವರು ದೊಡ್ಡ ತಟ್ಟೆಯ ನಡುವೆ ನಿರೋಧಕ ಉಂಗುರ ಕೊಟ್ಟು, ಅದರೊಳಗೆ ವೋಲ್ಟೇಜಿಗೆಂದೇ ಚಿಕ್ಕ ಬಿಲ್ಲೆ ಕೂರಿಸುತ್ತಾರೆ. ಫಲ ಚೆನ್ನಾಗಿದೆ, ತಂತಿ ಎರಡರಷ್ಟಾಗುತ್ತದೆ. ಒಂದೇ ಎಲೆಕ್ಟ್ರೋಡ್ ಎರಡೂ ಕೆಲಸ ಮಾಡಬೇಕಾದರೆ ಅಗಲ ಕಡಿಮೆ, ಎತ್ತರ ಹೆಚ್ಚಿರುವ ಆಯತ ನನ್ನ ಆಯ್ಕೆ.

ಲೋಹಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸಾಮಾನ್ಯ. ತುಕ್ಕು ಹಿಡಿಸುವ ದ್ರವವಾದರೆ ಪ್ಲಾಟಿನಂ ಅಥವಾ ಅಂಥದೇ ಜಡ ಲೋಹ. ಲೋಹಕ್ಕಿಂತ ಮುಖ್ಯವಾದದ್ದು, ಹದಿನಾರೂ ಒಂದೇ ಅಳತೆಯವಾಗಿ, ಸಮ ಅಂತರದಲ್ಲಿ, ಗೋಡೆಯ ಮಟ್ಟಕ್ಕೆ ಸರಿಯಾಗಿ ಕೂತಿರುವುದು.

ಎಲೆಕ್ಟ್ರೋಡ್ ಮಟ್ಟದಲ್ಲಿ ಏನೂ ಇಲ್ಲ, ಆದರೂ ಚಿತ್ರದಲ್ಲಿ ಏನೋ ಕಾಣುತ್ತೆ. ಭೂತವಾ?

ಭೂತವಲ್ಲ, ಮೇಲೋ ಕೆಳಗೋ ಇರುವ ವಸ್ತು. ನಾವು ಚಿತ್ರವನ್ನು ತೆಳು ಹೋಳಿನಂತೆ ಬರೆದರೂ ಕರೆಂಟಿಗೆ ಆ ಹೋಳಿನ ಗಡಿ ಗೊತ್ತಿಲ್ಲ. ಅದು ಪೈಪಿನ ಉದ್ದಕ್ಕೂ ಎರಡೂ ಕಡೆ ಉಬ್ಬುತ್ತದೆ. ಎಲೆಕ್ಟ್ರೋಡ್ ಎತ್ತರ ಹೆಚ್ಚಿಸಿದರೆ ಕ್ಷೇತ್ರ ಸಪಾಟಾಗುತ್ತದೆ, ಆದರೆ ಆ ಎತ್ತರದೊಳಗಿನ ಎಲ್ಲದರ ಸರಾಸರಿಯೇ ಚಿತ್ರವಾಗುತ್ತದೆ. ಕರೆಂಟ್ ಹಾಗೆ ಉಬ್ಬದಂತೆ ತಡೆಯಲು ಮೇಲೆ ಕೆಳಗೆ ಕಾವಲು ಎಲೆಕ್ಟ್ರೋಡ್ ಸಾಲು ಕೊಡುವುದು ಇನ್ನೊಂದು ದಾರಿ. ಎರಡೂ ಆಗದಿದ್ದರೆ ಲೆಕ್ಕವನ್ನಾದರೂ ಮೂರು ಆಯಾಮದ ಮಾದರಿಯಲ್ಲಿ ಮಾಡಿ.

ನಮ್ಮ ಪೈಪ್ ಲೋಹದ್ದು. ಇಆರ್‌ಟಿ ಆಗೋದೇ ಇಲ್ವಾ?

ಆಗುತ್ತದೆ. ಸುಲಭದ ದಾರಿ ಎಂದರೆ ಆ ಜಾಗದಲ್ಲಿ ಪ್ಲಾಸ್ಟಿಕ್ ತುಂಡು ಅಥವಾ ಒಳಲೇಪವಿರುವ ತುಂಡು ಜೋಡಿಸುವುದು. ಅದು ಸಾಧ್ಯವಿಲ್ಲವೆಂದರೆ ಎಲೆಕ್ಟ್ರೋಡ್‌ಗಳನ್ನು ಗೋಡೆಯಿಂದ ನಿರೋಧಿಸಿ, ಗೋಡೆಯನ್ನೇ ಕರೆಂಟ್ ಮರಳುವ ದಾರಿಯಾಗಿಯೂ ವೋಲ್ಟೇಜಿನ ಸೊನ್ನೆಯಾಗಿಯೂ ಬಳಸುವ ವಿಧಾನವಿದೆ. ಆಗ ಕರೆಂಟಿನ ಬಹುಭಾಗ ಗೋಡೆಗೇ ಓಡಿಹೋಗುವುದರಿಂದ ನಡುವಿನ ಸೂಕ್ಷ್ಮತೆ ಕುಗ್ಗುತ್ತದೆ. ಸಾಫ್ಟ್‌ವೇರ್ ಮಾದರಿಯಲ್ಲೂ ಗೋಡೆ ವಾಹಕ ಎಂದು ಬದಲಿಸಬೇಕು. ಇದನ್ನು ಮರೆತವರು ಕಡಿಮೆಯಿಲ್ಲ.

## ಅಳತೆ: ಚಿತ್ರ ಕೆಡುವ ನಿಜವಾದ ಜಾಗ

ಬ್ಯಾಟರಿಯಿಂದ ನೇರ ಡಿಸಿ ಕೊಟ್ಟರೆ ಸರ್ಕ್ಯೂಟ್ ಎಷ್ಟು ಸಲೀಸು! ಎಸಿ ಯಾಕೆ ಬೇಕು?

ಡಿಸಿ ಕೊಟ್ಟರೆ ಎಲೆಕ್ಟ್ರೋಡ್ ಮೇಲ್ಮೈಯಲ್ಲಿ ಅಯಾನುಗಳು ಜಮಾಯಿಸಿ ಧ್ರುವೀಕರಣವಾಗುತ್ತದೆ, ಅನಿಲ ಏಳುತ್ತದೆ, ಲೋಹ ಕರಗುತ್ತದೆ. ಆಗ ನೀವು ಅಳೆಯುವುದು ದ್ರವವನ್ನಲ್ಲ, ಎಲೆಕ್ಟ್ರೋಡ್ ಮೈಯನ್ನು. ಆದ್ದರಿಂದ ಕೆಲವು ಕಿಲೋಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್ ವರೆಗಿನ ಎಸಿ ಬಳಕೆಯಲ್ಲಿದೆ.

ಮೇಲಕ್ಕೂ ಮಿತಿಯಿದೆ. ಕೇಬಲ್‌ನ 100 ಪಿಕೋಫ್ಯಾರಡ್ ಸೋರು ಧಾರಣಶಕ್ತಿ 10 ಕಿಲೋಹರ್ಟ್ಸ್‌ನಲ್ಲಿ ಸುಮಾರು 160 ಕಿಲೋ ಓಮ್ ತಡೆಯಂತೆ ಕಂಡರೆ, 100 ಕಿಲೋಹರ್ಟ್ಸ್‌ನಲ್ಲಿ 16 ಕಿಲೋ ಓಮ್‌ಗೆ ಇಳಿಯುತ್ತದೆ. ನೀವು ಹಾಯಿಸಿದೆ ಅಂದುಕೊಂಡ ಕರೆಂಟಿನ ಒಂದು ಪಾಲು ದ್ರವ ಮುಟ್ಟದೇ ಕೇಬಲ್‌ನಲ್ಲೇ ಸೋರಿಹೋಗುತ್ತದೆ. ಕೇಬಲ್ ಚಿಕ್ಕದಿರಲಿ, ಅದರ ಕವಚವನ್ನು ಒಳತಂತಿಯ ವೋಲ್ಟೇಜಿನಲ್ಲೇ ಹಿಡಿದಿಡುವ ಏರ್ಪಾಡು ಇರಲಿ, ಮೊದಲ ಹಂತದ ಆಂಪ್ಲಿಫೈಯರ್ ಎಲೆಕ್ಟ್ರೋಡ್ ಪಕ್ಕದಲ್ಲೇ ಇರಲಿ.

ಪಕ್ಕದ ಜೋಡಿಯಿಂದ ಕರೆಂಟ್ ಕೊಡೋದಾ, ಎದುರು ಜೋಡಿಯಿಂದಲಾ?

ಪಕ್ಕದ ಜೋಡಿಯಲ್ಲಿ ಕರೆಂಟ್ ಗೋಡೆಗೆ ಅಂಟಿಕೊಂಡೇ ಹರಿಯುತ್ತದೆ. ಗೋಡೆಯ ಬಳಿ ಸೂಕ್ಷ್ಮ, ನಡುವೆ ಮಂದ. ಎದುರು ಜೋಡಿಯಲ್ಲಿ ಕರೆಂಟ್ ನಡುವಿನ ಮೂಲಕವೇ ಹಾಯುತ್ತದೆ, ಆದರೆ ಗೋಡೆಯ ಬಳಿಯ ವಿವರ ಸ್ವಲ್ಪ ಕಳೆಯುತ್ತದೆ.

ನಡುವಿನ ಸಂಕೇತ ಎಷ್ಟು ಸಣ್ಣದೆಂದು ನೋಡಿ. ಹಿಂದಿನ ಉದಾಹರಣೆಯ ನೀರಿನಲ್ಲೇ, 16 ಎಲೆಕ್ಟ್ರೋಡ್‌ಗಳ ನಡುವೆ, ವ್ಯಾಸದ ಹತ್ತನೇ ಒಂದು ಭಾಗದ ಪ್ಲಾಸ್ಟಿಕ್ ಕೋಲನ್ನು ಕೇಂದ್ರದಲ್ಲಿ ನಿಲ್ಲಿಸಿದರೆ, ಪಕ್ಕದ ಜೋಡಿ ವಿಧಾನದಲ್ಲಿ ಎದುರು ದಡದ 25 ಮಿಲಿವೋಲ್ಟ್ ಸುಮಾರು 2 ಮಿಲಿವೋಲ್ಟ್ ಬದಲಾಗುತ್ತದೆ, ಅಂದರೆ ಶೇ. 8. ಕರೆಂಟ್ ಜೋಡಿಯ ಪಕ್ಕದ 190 ಮಿಲಿವೋಲ್ಟ್‌ನಲ್ಲಿ ಬದಲಾವಣೆ ಶೇ. 0.7 ಮಾತ್ರ. ನಡುವಿನ ಸುದ್ದಿಯನ್ನು ಚೆನ್ನಾಗಿ ಹೊತ್ತು ತರುವುದು ಅತಿ ಚಿಕ್ಕ ವೋಲ್ಟೇಜ್‌ಗಳೇ, ನಾಯ್ಸ್ ಮೊದಲು ತಿನ್ನುವುದೂ ಅವನ್ನೇ. ಆದ್ದರಿಂದ ಎಲ್ಲ ಅಳತೆಗೂ ಒಂದೇ ಗೇನ್ (ಸಂಕೇತವನ್ನು ಹಿಗ್ಗಿಸುವ ಪಟ್ಟು) ಇಡಬೇಡಿ. ಚಿಕ್ಕವಕ್ಕೆ ಹೆಚ್ಚು ಗೇನ್ ಕೊಡಿ. ವೇಳೆ ಇದ್ದರೆ ಎರಡೂ ಬಗೆಯ ಜೋಡಿಗಳನ್ನು, ಅಥವಾ ಎರಡು ಮೂರು ಎಲೆಕ್ಟ್ರೋಡ್ ಬಿಟ್ಟು ಹಿಡಿಯುವ ಜೋಡಿಗಳನ್ನು ಬೆರೆಸಿ.

ಚಿತ್ರ ಕಟ್ಟುವ ಮೊದಲೇ ಡೇಟಾ ಸರಿಯಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಎಲ್ಲರೂ ಕೇಳಬೇಕಾದ, ಆದರೆ ಕೆಲವರಷ್ಟೇ ಕೇಳುವ ಪ್ರಶ್ನೆ. ತೊಟ್ಟಿಯಲ್ಲಿ ಬರೀ ಏಕರೂಪದ ನೀರು ತುಂಬಿ, ಒಂದು ಕರೆಂಟ್ ಜೋಡಿಯ 13 ವೋಲ್ಟೇಜ್‌ಗಳನ್ನು ಸಾಲಾಗಿ ಬರೆಯಿರಿ. ಎರಡೂ ತುದಿಯಲ್ಲಿ ಎತ್ತರ, ನಡುವೆ ತಗ್ಗು ಇರುವ ತೊಟ್ಟಿಲಿನ ಆಕಾರ ಬರಬೇಕು. 16 ಕರೆಂಟ್ ಜೋಡಿಗಳಿಗೂ ಅದೇ ತೊಟ್ಟಿಲು ಬರಬೇಕು. ಎಲ್ಲಾದರೂ ಹಲ್ಲು ಮುರಿದಂತೆ ಕಂಡರೆ, ಆ ಹಲ್ಲು ಯಾವ ಎಲೆಕ್ಟ್ರೋಡ್ ಜೊತೆ ಸುತ್ತುತ್ತಿದೆ ನೋಡಿ. ಸಡಿಲ ತಂತಿಯೋ, ಕೊಳೆ ಕೂತ ಎಲೆಕ್ಟ್ರೋಡೋ ಅಲ್ಲಿ ಸಿಕ್ಕಿಬೀಳುತ್ತದೆ.

ಆಮೇಲೆ ಅದಲುಬದಲು ಪರೀಕ್ಷೆ. 1 ಮತ್ತು 2ರಿಂದ ಕರೆಂಟ್ ಕೊಟ್ಟು 7 ಮತ್ತು 8ರಲ್ಲಿ ಅಳೆದದ್ದು, 7 ಮತ್ತು 8ರಿಂದ ಕೊಟ್ಟು 1 ಮತ್ತು 2ರಲ್ಲಿ ಅಳೆದದ್ದಕ್ಕೆ ಸಮನಾಗಿರಬೇಕು. ಒಳಗೆ ಏನೇ ಇರಲಿ, ಎಷ್ಟೇ ವಕ್ರವಾಗಿರಲಿ, ಈ ನಿಯಮ ತಪ್ಪದು. 16 ಕರೆಂಟ್ ಜೋಡಿಗೆ 13ರಂತೆ ಬರುವ 208 ಅಳತೆಗಳಲ್ಲಿ 104 ಮಾತ್ರ ಸ್ವತಂತ್ರ ಅನ್ನುವುದು ಇದಕ್ಕೇ. ಉಳಿದ 104 ವ್ಯರ್ಥವೆಂದು ವೇಗಕ್ಕಾಗಿ ಬಿಟ್ಟುಬಿಡುವವರಿದ್ದಾರೆ. ನನಗೆ ಅವು ಪುಕ್ಕಟೆ ಸಿಕ್ಕ ತನಿಖಾಧಿಕಾರಿಗಳು. ಜೋಡಿಗಳ ವ್ಯತ್ಯಾಸ ಎಷ್ಟಿದೆಯೋ ನಿಮ್ಮ ಯಂತ್ರದ ನಂಬಿಕೆ ಅಷ್ಟಕ್ಕೇ. ವ್ಯತ್ಯಾಸ ದೊಡ್ಡದಿದ್ದರೆ ಎಲೆಕ್ಟ್ರೋಡ್ ಜೋಡಿ ಬದಲಿಸುವ ಮಲ್ಟಿಪ್ಲೆಕ್ಸರ್ ಸ್ವಿಚ್ ಬದಲಾದ ಮೇಲೆ ಸಿಗ್ನಲ್ ನೆಲೆಗೊಳ್ಳುವಷ್ಟು ಕಾಯುತ್ತಿದ್ದೀರಾ, ಎರಡೂ ಎಲೆಕ್ಟ್ರೋಡ್ ಒಟ್ಟಿಗೆ ಏರಿಳಿಯುವ ಸಾಮಾನ್ಯ ವೋಲ್ಟೇಜನ್ನು ಆಂಪ್ಲಿಫೈಯರ್ ಸರಿಯಾಗಿ ಕಳೆಯುತ್ತಿದೆಯಾ ಎಂದು ಹುಡುಕಿ.

ಕೊನೆಗೆ ಏನನ್ನೂ ಅಲ್ಲಾಡಿಸದೆ ನೂರು ಫ್ರೇಮ್ (ಅಳತೆಯ ಒಂದು ಪೂರ್ತಿ ಸುತ್ತು ಒಂದು ಫ್ರೇಮ್) ತೆಗೆದು ಪ್ರತಿ ಅಳತೆಯ ಚದುರಿಕೆ ನೋಡಿ. ಯಾದೃಚ್ಛಿಕ ನಾಯ್ಸ್ ಆದರೆ 16 ಫ್ರೇಮ್ ಸರಾಸರಿಯಲ್ಲಿ ಅದು ನಾಲ್ಕನೇ ಒಂದಕ್ಕೆ ಇಳಿಯಬೇಕು. ಇಳಿಯದಿದ್ದರೆ ಅದು ಯಾದೃಚ್ಛಿಕವಲ್ಲ. ಮೋಟಾರೋ ವಿದ್ಯುತ್ ಲೈನೋ ಒಳಗೆ ನುಸುಳುತ್ತಿದೆ.

ಬೆಳಿಗ್ಗೆ ರೆಫರೆನ್ಸ್ (ಹೋಲಿಕೆಗೆಂದು ಬರೀ ನೀರಿನ ಅಳತೆ) ತೆಗೆದೆ. ಸಂಜೆ ಗಾಳಿಯೇ ಬಿಟ್ಟಿಲ್ಲ, ಆದರೂ ಶೇ. 7 ಗಾಳಿ ಅಂತ ತೋರಿಸುತ್ತೆ!

ನೀರು ತಣ್ಣಗಾಗಿದೆ. ಅಯಾನು ಕರಗಿದ ನೀರಿನ ವಾಹಕತೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 2 ಬದಲಾಗುತ್ತದೆ. 5 ಡಿಗ್ರಿ ಇಳಿದರೆ ವಾಹಕತೆ ಶೇ. 10 ಇಳಿಯುತ್ತದೆ. ವಾಹಕತೆಯನ್ನು ಗಾಳಿಯ ಪಾಲಾಗಿ ಬದಲಿಸಲು ಎಲ್ಲರೂ ಬಳಸುವ ಮ್ಯಾಕ್ಸ್‌ವೆಲ್ ಸೂತ್ರಕ್ಕೆ ಆ ಶೇ. 10 ಇಳಿಕೆಯನ್ನು ಉಣಿಸಿದರೆ ಉತ್ತರ ಸರಿಯಾಗಿ ಶೇ. 6.9 ಗಾಳಿ! ಒಂದೇ ಡಿಗ್ರಿ ವ್ಯತ್ಯಾಸವೂ ಶೇ. 1.3ರ ಸುಳ್ಳು ಗಾಳಿ ಹುಟ್ಟಿಸುತ್ತದೆ.

ತಾಪಮಾನ ಮಾಪಕವನ್ನೂ ಬಿಡಿ ವಾಹಕತೆ ಮಾಪಕವನ್ನೂ ಸೆನ್ಸರ್ ಪಕ್ಕದಲ್ಲೇ ಇಡಿ, ಪ್ರತಿ ಫ್ರೇಮ್‌ಗೂ ರೆಫರೆನ್ಸನ್ನು ಅದಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ. ಇಷ್ಟು ಅಗ್ಗವಾಗಿ ಇಷ್ಟು ನಿಖರತೆ ತರುವ ಇನ್ನೊಂದು ಉಪಾಯ ನನಗೆ ಗೊತ್ತಿಲ್ಲ.

ಅಡ್ಡ ಪೈಪಿನಲ್ಲಿ ನೀರು ಅರ್ಧಕ್ಕಿಳಿದರೆ ಚಿತ್ರ ಹುಚ್ಚಾಟ ಆಡುತ್ತೆ. ಯಾಕೆ?

ಮೇಲಿನ ಎಲೆಕ್ಟ್ರೋಡ್‌ಗಳು ಒಣಗಿವೆ. ಸ್ಥಿರ ಕರೆಂಟ್ ಸರ್ಕ್ಯೂಟ್ ಒಣ ಎಲೆಕ್ಟ್ರೋಡ್‌ಗೂ ಕರೆಂಟ್ ನೂಕಲು ಹೋಗಿ ವೋಲ್ಟೇಜ್ ಮಿತಿಗೆ ಬಡಿಯುತ್ತದೆ. ಅಂಥ ಫ್ರೇಮ್‌ನ ಅಂಕಿಗಳಿಗೆ ಅರ್ಥವಿಲ್ಲ. ಒಣಗಿದವನ್ನು ಗುರುತಿಸಿ ಆ ಅಳತೆಗಳನ್ನು ಕೈಬಿಡಿ, ಇಲ್ಲವೇ ಸ್ಥಿರ ವೋಲ್ಟೇಜ್ ಕೊಟ್ಟು ಕರೆಂಟ್ ಅಳೆಯುವ ವಿಧಾನಕ್ಕೆ ಹೋಗಿ.

ಹರಿವು ವೇಗವಾದಾಗ ವಸ್ತು ಎಳೆದಂತೆ ಕಾಣುತ್ತೆ.

ಒಂದು ಫ್ರೇಮ್‌ಗೆ 10 ಮಿಲಿಸೆಕೆಂಡ್ ಬೇಕಾದರೆ, ಸೆಕೆಂಡಿಗೆ 2 ಮೀಟರ್ ಹರಿವಿನಲ್ಲಿ ಮೊದಲ ಅಳತೆಗೂ ಕೊನೆಯದಕ್ಕೂ ನಡುವೆ ಗುಳ್ಳೆ 2 ಸೆಂ.ಮೀ. ಸಾಗಿರುತ್ತದೆ. ವೋಲ್ಟೇಜ್‌ಗಳನ್ನೆಲ್ಲ ಏಕಕಾಲಕ್ಕೆ ಅಳೆಯುವ ಸರ್ಕ್ಯೂಟ್ ಇದ್ದರೆ ಬಹುಪಾಲು ಪರಿಹಾರ. ಇಲ್ಲದಿದ್ದರೆ ಹಿಂದಿನ ಮುಂದಿನ ಫ್ರೇಮ್‌ಗಳ ನಡುವೆ ಸಮಯ ಹೊಂದಿಸಿ ಅಂದಾಜಿಸಬಹುದು.

## ಚಿತ್ರ ಕಟ್ಟುವ ಲೆಕ್ಕ

ಲೀನಿಯರ್ ಬ್ಯಾಕ್ ಪ್ರೊಜೆಕ್ಷನ್ ಹಳೆಯದಾಯ್ತು ಅಂತಾರೆ. ಬಿಟ್ಟುಬಿಡಲಾ?

ತಕ್ಷಣ ನೋಡಲು ಇರಲಿ. ಅದು ಒಂದೇ ಗುಣಾಕಾರ, ಕಣ್ಣು ಮಿಟುಕಿಸುವುದರೊಳಗೆ ಚಿತ್ರ. 20 ಅಡ್ಡ 20ರ ಜಾಲದಲ್ಲಿ ವೃತ್ತದೊಳಗೆ ಬೀಳುವ 316 ಪಿಕ್ಸೆಲ್‌ಗಳಿಗೆ 104 ಅಳತೆಗಳನ್ನು ಹಂಚುವುದಷ್ಟೇ ಅದರ ಕೆಲಸ. ಗಾತ್ರ ಉಬ್ಬಿಸುತ್ತದೆ, ವ್ಯತ್ಯಾಸ ತಗ್ಗಿಸುತ್ತದೆ. ಅಂಕಿ ಬೇಕಾದಾಗ ನಾಯ್ಸ್ ಉಬ್ಬದಂತೆ ಟಿಖೊನೊವ್ ಬಗೆಯ ನಿಯಂತ್ರಣವಿರುವ, ಹಂತ ಹಂತವಾಗಿ ಉತ್ತರ ತಿದ್ದುವ ಗಾಸ್–ನ್ಯೂಟನ್ ವಿಧಾನ ಬಳಸಿ. ಅಂಚು ಚೂಪಾಗಿರುವುದು ಖಾತ್ರಿಯಿದ್ದರೆ ಅಂಚನ್ನು ಉಳಿಸಿಕೊಳ್ಳುವ ಟೋಟಲ್ ವೇರಿಯೇಶನ್ ಎಂಬ ನಿಯಂತ್ರಣ. ಬೆರೆತು ಮಸುಕಾಗಿರುವ ದ್ರವಕ್ಕೆ ಅದನ್ನು ಹಾಕಿದರೆ ಇಲ್ಲದ ಮೆಟ್ಟಿಲುಗಳನ್ನು ಕೆತ್ತಿಕೊಡುತ್ತದೆ. ಈಡಾರ್ಸ್, ಪೈಇಐಟಿ ಎಂಬ ಮುಕ್ತ ತಂತ್ರಾಂಶಗಳಲ್ಲಿ ಇಂಥ ಹಲವು ವಿಧಾನಗಳು ಸಿದ್ಧವಾಗಿ ಸಿಗುತ್ತವೆ.

ರೆಗ್ಯುಲರೈಸೇಶನ್ ಅಂಕಿ ಎಷ್ಟಿಡಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮೇಲೆ ಹೇಳಿದ ನಿಯಂತ್ರಣ ಎಷ್ಟು ಬಿಗಿಯಿರಬೇಕೆಂದು ಹೇಳುವ ಅಂಕಿ ಅದು. ಯಾರ ಅಂಕಿಯೂ ನಿಮಗೆ ಹೊಂದದು, ಅದು ನಿಮ್ಮ ನಾಯ್ಸ್‌ಗೆ ಕಟ್ಟುಬಿದ್ದದ್ದು. ಕಡಿಮೆಯಿಟ್ಟರೆ ನಾಯ್ಸ್ ಚಿತ್ರವಾಗುತ್ತದೆ. ಹೆಚ್ಚಿಟ್ಟರೆ ಎಲ್ಲವೂ ಒಂದೇ ಮುದ್ದೆ. ಅಳತೆಯ ಜೊತೆಗಿನ ವ್ಯತ್ಯಾಸ ಒಂದು ಅಕ್ಷದಲ್ಲಿ, ಪರಿಹಾರದ ಗಾತ್ರ ಇನ್ನೊಂದರಲ್ಲಿ ಇಟ್ಟು ಗೆರೆ ಎಳೆದರೆ ಮೊಣಕೈಯಂತೆ ಬಾಗುತ್ತದೆ. ಆ ಮೊಣಕೈ ಒಳ್ಳೆಯ ಆರಂಭ. ಒಮ್ಮೆ ಆರಿಸಿದ ಮೇಲೆ ಇಡೀ ಪ್ರಯೋಗಕ್ಕೆ ಅದನ್ನೇ ಉಳಿಸಿ. ಪ್ರತಿ ಚಿತ್ರಕ್ಕೂ ಚೆಂದ ಕಾಣುವ ಅಂಕಿ ಆರಿಸುವುದು ಅಳತೆಯಲ್ಲ, ಅಲಂಕಾರ.

ಸಿಮ್ಯುಲೇಶನ್‌ನಲ್ಲಿ ಅದ್ಭುತವಾಗಿ ಬರುತ್ತೆ, ನಿಜವಾದ ತೊಟ್ಟಿಯಲ್ಲಿ ಹದಗೆಡುತ್ತೆ. ಎಲ್ಲಿ ತಪ್ಪಿದೆ?

ಡೇಟಾ ಹುಟ್ಟಿಸಲು ಬಳಸಿದ ಜಾಲವನ್ನೇ (ತೊಟ್ಟಿಯನ್ನು ಲೆಕ್ಕಕ್ಕಾಗಿ ಚಿಕ್ಕ ತುಂಡುಗಳಾಗಿ ಒಡೆದ ವಿನ್ಯಾಸ) ಚಿತ್ರ ಕಟ್ಟಲೂ ಬಳಸಿದ್ದೀರಾ? ಹಾಗಿದ್ದರೆ ಅದು ಉತ್ತರ ಪತ್ರಿಕೆ ನೋಡಿ ಪರೀಕ್ಷೆ ಬರೆದಂತೆ. ಡೇಟಾವನ್ನು ಬೇರೆಯದೇ, ಹೆಚ್ಚು ನವಿರಾದ ಜಾಲದಲ್ಲಿ ಹುಟ್ಟಿಸಿ, ನೀವು ಅಳೆದು ಕಂಡ ಮಟ್ಟದ ನಾಯ್ಸ್ ಸೇರಿಸಿ.

ಎರಡನೆಯದು ಎಲೆಕ್ಟ್ರೋಡ್ ಮಾದರಿ. ಚುಕ್ಕಿಯೆಂದು ಹಿಡಿದರೆ ಅಗಲವೂ ಸಂಪರ್ಕ ಪ್ರತಿರೋಧವೂ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಎರಡನ್ನೂ ಒಳಗೊಳ್ಳುವ ಸಂಪೂರ್ಣ ಎಲೆಕ್ಟ್ರೋಡ್ ಮಾದರಿಯನ್ನು 1992ರಲ್ಲಿ ಸೊಮರ್ಸಾಲೊ, ಚೆನಿ, ಐಸಾಕ್ಸನ್ ಗಣಿತದ ತಳಹದಿಯ ಮೇಲೆ ನಿಲ್ಲಿಸಿದರು. ರೆಫರೆನ್ಸ್ ಇಲ್ಲದೆ ನೇರ ವಾಹಕತೆ ಬೇಕೆಂದರೆ ಇದನ್ನು ಬಿಟ್ಟು ಗತಿಯಿಲ್ಲ. ರೆಫರೆನ್ಸಿಗಿಂತ ಎಷ್ಟು ಬದಲಾಯಿತು ಎಂಬ ವ್ಯತ್ಯಾಸದ ಚಿತ್ರ ಮಾತ್ರ ಸಾಕೆಂದರೆ ಇಂಥ ತಪ್ಪುಗಳಲ್ಲಿ ಬಹಳಷ್ಟು ಕಳೆಯುವಾಗಲೇ ರದ್ದಾಗುತ್ತವೆ.

ಡೀಪ್ ಲರ್ನಿಂಗ್ ಹಾಕಿದರೆ ಕೋಲಿನ ಅಂಚು ಚೂಪಾಗಿ ಬರುತ್ತೆ. ಸಮಸ್ಯೆ ಮುಗೀತಲ್ಲ?

ಮೊದಲ ಭಾಗದ ಅಲೆಗಳ ಲೆಕ್ಕ ನೆನಪಿಸಿಕೊಳ್ಳಿ. ಆರನೆಯ ಅಲೆಯ ಸುದ್ದಿ ಅಳತೆಯಲ್ಲೇ ಇಲ್ಲದಿದ್ದರೆ ಚೂಪು ಅಂಚು ಎಲ್ಲಿಂದ ಬಂತು? ತರಬೇತಿಯ ಚಿತ್ರಗಳಿಂದ. ಎರಡು ಮೂರು ದುಂಡು ಕೋಲುಗಳನ್ನೇ ತೋರಿಸಿ ಕಲಿಸಿದ ಡೀಪ್ ಲರ್ನಿಂಗ್ ಮಾದರಿ, ಉದ್ದನೆಯ ಗಾಳಿ ನಾಲಗೆಯನ್ನೂ ದುಂಡು ಕೋಲುಗಳಾಗಿ ಬರೆದುಕೊಡುತ್ತದೆ. ಅದೂ ಬಲು ಆತ್ಮವಿಶ್ವಾಸದಿಂದ.

ಹಾಗೆಂದು ತಳ್ಳಿಹಾಕುವುದಿಲ್ಲ. ಒಳಗೆ ಏನಿರಬಹುದೆಂದು ನಿಜವಾಗಿ ಗೊತ್ತಿದ್ದು, ತರಬೇತಿಗೆ ನಿಮ್ಮ ಸೆನ್ಸರ್‌ನ ನಾಯ್ಸ್, ಎಲೆಕ್ಟ್ರೋಡ್ ಸ್ಥಾನದ ಏರುಪೇರು, ತಾಪಮಾನದ ಜಾರಿಕೆ ಎಲ್ಲ ಸೇರಿಸಿದ್ದರೆ ಫಲ ಒಳ್ಳೆಯದೇ. ಬಂದ ಚಿತ್ರವನ್ನು ಮತ್ತೆ ವಾಹಕತೆಯಿಂದ ವೋಲ್ಟೇಜ್ ಕಂಡುಹಿಡಿಯುವ ಲೆಕ್ಕಕ್ಕೆ ಹಾಕಿ, ಅದರಿಂದ ಹುಟ್ಟುವ ವೋಲ್ಟೇಜ್ ನೀವು ಅಳೆದದ್ದಕ್ಕೆ ತಾಳೆಯಾಗುತ್ತದೆಯೇ ನೋಡಿ. ತಾಳೆಯಾಗದ್ದನ್ನು ಬಿಸಾಡಿ. ತಾಳೆಯಾದರೂ ಅದೊಂದೇ ಉತ್ತರವೆಂದು ನಂಬಬೇಡಿ; ಅದೇ ವೋಲ್ಟೇಜ್ ಕೊಡುವ ಮಸುಕು ಚಿತ್ರಗಳೂ ಎಷ್ಟೋ ಇರುತ್ತವೆ.

ಚಿತ್ರ ಸುಧಾರಿಸಿತು ಅಂತ ಯಾವ ಅಂಕಿಯಿಂದ ಹೇಳಲಿ?

ಒಂದೇ ಅಂಕಿಯಿಂದ ಹೇಳಬೇಡಿ. ನಿಜದ ಜೊತೆ ಚಿತ್ರದ ಸಹಸಂಬಂಧ ಹೆಚ್ಚಿದ್ದರೂ ವಸ್ತು ಪಕ್ಕಕ್ಕೆ ಸರಿದಿರಬಹುದು. 2009ರಲ್ಲಿ ಶ್ವಾಸಕೋಶದ ಚಿತ್ರಣಕ್ಕೆಂದು ಹಲವು ಗುಂಪುಗಳು ಕೂಡಿ ರೂಪಿಸಿದ ಗ್ರೀಟ್ ಎಂಬ ವಿಧಾನ ಐದು ಅಳತೆಗೋಲು ಬಳಸುತ್ತದೆ: ತೀವ್ರತೆ ಎಲ್ಲ ಕಡೆ ಒಂದೇ ಬರುತ್ತದೆಯೇ, ಸ್ಥಾನ ಎಷ್ಟು ಜಾರಿತು, ಎಷ್ಟು ಹರಡಿತು, ಆಕಾರ ಎಷ್ಟು ಕೆಟ್ಟಿತು, ಸುತ್ತ ಸುಳ್ಳು ಉಂಗುರ ಎಷ್ಟು ಮೂಡಿತು. ಪೈಪಿಗೂ ಇವು ಹಾಗೆಯೇ ಹೊಂದುತ್ತವೆ.

ಮಾಡುವ ಬಗೆ ಸುಲಭ. ಗಾತ್ರ ಗೊತ್ತಿರುವ ಒಂದೇ ಪ್ಲಾಸ್ಟಿಕ್ ಕೋಲನ್ನು ಕೇಂದ್ರದಿಂದ ಗೋಡೆಯವರೆಗೆ ಹತ್ತು ಹಂತಗಳಲ್ಲಿ ಸರಿಸಿ, ಪ್ರತಿ ಹಂತದಲ್ಲೂ ಈ ಐದನ್ನು ಬರೆದಿಡಿ. ಒಂದು ಎಲೆಕ್ಟ್ರೋಡ್ ಎದುರಿಗೆ ಒಮ್ಮೆ, ಎರಡು ಎಲೆಕ್ಟ್ರೋಡ್‌ಗಳ ನಡುವಿನ ಸಂದಿಗೆ ಎದುರಾಗಿ ಇನ್ನೊಮ್ಮೆ. ಸೆನ್ಸರ್, ಸರ್ಕ್ಯೂಟ್, ಲೆಕ್ಕ, ಯಾವುದನ್ನು ಬದಲಿಸಿದರೂ ಇದೇ ಇಪ್ಪತ್ತು ಸ್ಥಾನಗಳನ್ನು ಮತ್ತೆ ಅಳೆಯಿರಿ. ಕೋಲು ನಿಲ್ಲಿಸುವ ತಟ್ಟೆಗೆ ಮೊದಲೇ ತೂತು ಕೊರೆದಿಟ್ಟುಕೊಳ್ಳಿ. ಕೈಯಲ್ಲಿ ಹಿಡಿದ ಕೋಲು ಎರಡು ಮಿಲಿಮೀಟರ್ ಆಚೀಚೆ ಆದರೆ ಅದೂ ಅಲ್ಗಾರಿದಮ್ಮಿನ ಲೆಕ್ಕಕ್ಕೇ ಹೋಗಿಬಿಡುತ್ತದೆ.